ಫ್ರಾನ್ಸಿನ ಹಳ್ಳಿ ರಸ್ತೆಗಳಲ್ಲಿ ಸೈಕಲ್ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಸೈಕಲ್ ಗೆಳೆಯರ ಮಾತುಕತೆಗಳಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಫ್ರಾನ್ಸಿನ ನೈಋತ್ಯ ಭಾಗದ ಪೆರಿಗೋರ್ ಮತ್ತು ಕೆರ್ಸಿ ಸೀಮೆಗಳನ್ನು, ಅಂದರೆ ದೊರ್ದೋನ್ಯ ಮತ್ತು ಲೋತ್ ನದಿಗಳ ಕಣಿವೆಗಳನ್ನು ಮುಖ್ಯವಾಗಿ ಇಟ್ಟುಕೊಂಡು ಉತ್ತರಗಳನ್ನು ಬರೆಯಲಾಗಿದೆ.

## ಮೊದಲ ಸಲ ಯೋಚಿಸುತ್ತಿರುವವರಿಗೆ

ಫ್ರಾನ್ಸ್ ಅಷ್ಟು ದೊಡ್ಡ ದೇಶ. ಹಳ್ಳಿ ರಸ್ತೆಗಾಗಿ ಪೆರಿಗೋರ್‌ಗೇ ಯಾಕೆ ಹೋಗಬೇಕು?

ಹೋಗಲೇಬೇಕೆಂದೇನೂ ಇಲ್ಲ. ಸಮತಟ್ಟಾದ ದಾರಿ, ಸ್ಪಷ್ಟ ಫಲಕಗಳು, ಜೊತೆಗೆ ಅರಮನೆಗಳು ಬೇಕೆನ್ನುವವರಿಗೆ ಲ್ವಾರ್ ನದಿಯುದ್ದಕ್ಕೂ ಸಾಗುವ ಸುಮಾರು 900 ಕಿ.ಮೀ. ಉದ್ದದ ‘ಲ್ವಾರ್ ಆ ವೆಲೊ’ ಮಾರ್ಗವೇ ಸುಲಭ. ಆದರೆ ಅಲ್ಲಿ ಸವಾರನು ಹಾಕಿಕೊಟ್ಟ ಗೆರೆಯನ್ನು ಅನುಸರಿಸುತ್ತಾನೆಯೇ ಹೊರತು ತನ್ನ ದಾರಿಯನ್ನು ತಾನೇ ಹೆಣೆದುಕೊಳ್ಳುವುದಿಲ್ಲ. ಪೆರಿಗೋರ್ ಮತ್ತು ಕೆರ್ಸಿಗಳಲ್ಲಿ ಎರಡು ಊರುಗಳ ನಡುವೆ ಒಂದು ದೊಡ್ಡ ರಸ್ತೆ ಇದ್ದರೆ, ಅದೇ ಊರುಗಳನ್ನು ಆಕ್ರೋಟು ತೋಟಗಳ ಮತ್ತು ಓಕ್ ಕಾಡಿನ ನಡುವೆ ಸುತ್ತಿಬಳಸಿ ಜೋಡಿಸುವ ಮೂರು ನಾಲ್ಕು ಡಾಂಬರು ಕಿರುದಾರಿಗಳಾದರೂ ಇರುತ್ತವೆ. ಹಳ್ಳಿಗಳು ಹತ್ತಿರ ಹತ್ತಿರ ಇವೆ. ಅವುಗಳಲ್ಲಿ ಹಲವು ‘ಫ್ರಾನ್ಸಿನ ಅತಿ ಸುಂದರ ಹಳ್ಳಿಗಳು’ ಎಂಬ ಸಂಘದ ಪಟ್ಟಿಯಲ್ಲಿವೆ. 1982ರಲ್ಲಿ ಇದೇ ಸೀಮೆಗೆ ತಾಗಿದ ಕೊಲೊಂಜ್ ಲಾ ರೂಜ್ ಹಳ್ಳಿಯಲ್ಲಿ ಆರಂಭವಾದ ಆ ಸಂಘವು 2,000ಕ್ಕಿಂತ ಕಡಿಮೆ ಜನಸಂಖ್ಯೆಯ, ಕನಿಷ್ಠ ಎರಡು ಸಂರಕ್ಷಿತ ಸ್ಮಾರಕ ಅಥವಾ ತಾಣಗಳುಳ್ಳ ಊರುಗಳನ್ನು ಮಾತ್ರ ಸೇರಿಸಿಕೊಳ್ಳುತ್ತದೆ.

ನಾನು ರೇಸ್ ಸವಾರನಲ್ಲ, ಭಾನುವಾರ ನಂದಿ ಬೆಟ್ಟದ ಕಡೆ ಹೋಗಿ ಬರುತ್ತೇನೆ ಅಷ್ಟೇ. ನನ್ನಿಂದ ಆಗುತ್ತದೆಯೇ?

ಖಂಡಿತ ಆಗುತ್ತದೆ. ನಂದಿಯಂತಹ ಉದ್ದನೆಯ ಏರು ಈ ದಾರಿಗಳಲ್ಲಿ ಇಲ್ಲ. ಇರುವುದೆಲ್ಲ ಒಂದರಿಂದ ಮೂರು ಕಿಲೋಮೀಟರಿನ ಏರುಗಳು. ಆದರೆ ಅವು ದಿನಕ್ಕೆ ಐದಾರು ಬಾರಿ ಬರುತ್ತವೆ, ಅದರಲ್ಲೂ ನದಿಯ ಮಟ್ಟದಿಂದ ಬಂಡೆಯ ಮೇಲಿನ ಹಳ್ಳಿಗೆ ಹತ್ತುವಾಗ ಇಳಿಜಾರು ಶೇಕಡಾ ಹತ್ತನ್ನು ದಾಟುವುದುಂಟು. ಬಯಲುಸೀಮೆಯಲ್ಲಿ ನೂರು ಕಿ.ಮೀ. ತುಳಿಯುವವರು ಇಲ್ಲಿ ಅರವತ್ತಕ್ಕೆ ಯೋಜಿಸಿಕೊಳ್ಳುವುದು ಒಳ್ಳೆಯದು. ಸಾಮಾನು ಹೊತ್ತಿದ್ದರೆ ಐವತ್ತು ಸಾಕು. ದೂರ ಕಡಿಮೆಯಾದಷ್ಟೂ ಹಳ್ಳಿಗೆ ಯಾವ ಹೊತ್ತಿನಲ್ಲಿ ತಲುಪಬೇಕೆಂಬ ಆಯ್ಕೆ ನಿಮ್ಮ ಕೈಯಲ್ಲಿರುತ್ತದೆ, ಮತ್ತು ಈ ಪ್ರವಾಸದಲ್ಲಿ ನಿಶ್ಶಬ್ದ ಸಿಗುವುದು, ಸಿಗದಿರುವುದು ಬಹುಪಾಲು ಅದರ ಮೇಲೆಯೇ ನಿಂತಿದೆ.

ಯಾವ ತಿಂಗಳು ಒಳ್ಳೆಯದು? ಮಕ್ಕಳ ರಜೆ ಏಪ್ರಿಲ್-ಮೇ ತಿಂಗಳಲ್ಲಿ ಬರುತ್ತದೆ.

ಮೇ ತಿಂಗಳ ಮಧ್ಯದಿಂದ ಜೂನ್ ಕೊನೆಯವರೆಗೆ, ಇಲ್ಲವೇ ಸೆಪ್ಟೆಂಬರ್. ಮೇ ತಿಂಗಳಲ್ಲಿ ಹುಲ್ಲು ಹಸಿರಾಗಿರುತ್ತದೆ, ಮಳೆ ಬಂದರೂ ಬರಬಹುದು. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ನಂತರ. ಮೇ 1 ಮತ್ತು 8ರ ರಜೆಗಳು, ಜೊತೆಗೆ ಈಸ್ಟರ್ ಲೆಕ್ಕದ ಮೇಲೆ ಬರುವ ಅಸೆನ್ಷನ್ (ಕ್ರಿಸ್ತನ ಸ್ವರ್ಗಾರೋಹಣ ಹಬ್ಬ) ಗುರುವಾರ ವಾರಾಂತ್ಯಕ್ಕೆ ಸೇರಿಕೊಂಡಾಗ ಫ್ರೆಂಚರೇ ದೊಡ್ಡ ಸಂಖ್ಯೆಯಲ್ಲಿ ಹೊರಡುತ್ತಾರೆ. ಆ ದಿನಗಳ ವಸತಿಯನ್ನು ಮೊದಲೇ ಕಾದಿರಿಸಬೇಕು. ಜುಲೈ 14ರಿಂದ ಆಗಸ್ಟ್ ಕೊನೆಯವರೆಗೆ ಬಿಸಿಲೂ ಹೆಚ್ಚು, ಕಾರುಗಳೂ ಹೆಚ್ಚು. ಅಕ್ಟೋಬರ್ ಸುಂದರವಾಗಿದ್ದರೂ ಅಷ್ಟರಲ್ಲಿ ಬೇಟೆಯ ಕಾಲ ಆರಂಭವಾಗಿರುತ್ತದೆ; ಕಾಡಿನ ಅಂಚಿನಲ್ಲಿ ‘ಶಾಸ್ ಆಂ ಕೂರ್’, ಅಂದರೆ ಬೇಟೆ ನಡೆಯುತ್ತಿದೆ ಎಂಬ ಫಲಕ ಕಂಡರೆ ಮಣ್ಣಿನ ಕಾಲುದಾರಿಗೆ ಇಳಿಯದೆ ರಸ್ತೆಯಲ್ಲೇ ಸಾಗುವುದು ಕ್ಷೇಮ.

ವೀಸಾಕ್ಕೆ ಸೈಕಲ್ ಪ್ರವಾಸವೆಂದು ಬೇರೆ ಏನಾದರೂ ಬೇಕೇ?

ಬೇಡ. 180 ದಿನಗಳಲ್ಲಿ 90 ದಿನಗಳವರೆಗೆ ಇರಬಹುದಾದ ಸಾಮಾನ್ಯ ಷೆಂಗೆನ್ ವೀಸಾ ಸಾಕು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಸಲ್ಲಿಸಬಹುದು. ತಡವೆಂದರೂ 15 ದಿನ ಮುಂಚೆ ಸಲ್ಲಿಸಿರಬೇಕು. 30,000 ಯೂರೋಗಿಂತ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಕಡ್ಡಾಯ. ಸೈಕಲ್ ಸವಾರಿಯ ಗಾಯಗಳಿಗೆ ಆ ವಿಮೆ ಅನ್ವಯಿಸುತ್ತದೆಯೇ ಎಂಬುದನ್ನು ಪಾಲಿಸಿಯ ಸಣ್ಣಕ್ಷರಗಳಲ್ಲಿ ಓದಿಕೊಳ್ಳಿ. ಕೆಲವು ಪಾಲಿಸಿಗಳು ಅದನ್ನು ಸಾಹಸ ಕ್ರೀಡೆಯೆಂದು ಹೊರಗಿಡುತ್ತವೆ. ಪ್ರತಿ ರಾತ್ರಿಯ ವಸತಿಯ ದಾಖಲೆ ತೋರಿಸಬೇಕಾಗುವುದರಿಂದ ದಾರಿಯನ್ನು ವೀಸಾ ಅರ್ಜಿಗೆ ಮೊದಲೇ ನಿರ್ಧರಿಸಿಕೊಳ್ಳಬೇಕು.

## ರಸ್ತೆ, ನಕ್ಷೆ, ನಿಯಮ

ಫೋನ್ ತೋರಿಸಿದ ದಾರಿಯಲ್ಲಿ ಹೋದರೆ ಸಾಲದೇ? ಕಾಗದದ ನಕ್ಷೆ ಈಗ ಯಾರು ಬಳಸುತ್ತಾರೆ?

ಫೋನಿನ ದಾರಿಯಿಂದ ಊರು ತಲುಪಬಹುದು, ಆದರೆ ಅದು ತೋರಿಸುವ ದಾರಿ ಎರಡು ಅತಿಗಳಲ್ಲಿ ಒಂದಾಗಿರುತ್ತದೆ: ಒಂದೋ ನೇರವಾದ, ವೇಗದ ರಸ್ತೆ, ಇಲ್ಲವೇ ಟ್ರ್ಯಾಕ್ಟರ್ ಓಡಾಡುವ ಕಲ್ಲುದಾರಿ. ಇವೆರಡರ ನಡುವೆ ಇರುವುದೇ ನಮಗೆ ಬೇಕಾದ ರಸ್ತೆ. ಮಿಶೆಲಿನ್ ಕಂಪನಿಯ 1:1,50,000 ಅಳತೆಯ ಸ್ಥಳೀಯ ನಕ್ಷೆಯಲ್ಲಿ ಮುಖ್ಯ ರಸ್ತೆಗಳು ಕೆಂಪು, ಅವಕ್ಕಿಂತ ಚಿಕ್ಕವು ಹಳದಿ, ಅದಕ್ಕೂ ಚಿಕ್ಕವು ಬಿಳಿ. ಬಿಳಿಯನ್ನು ಮೊದಲು ಆರಿಸಿ, ಅನಿವಾರ್ಯವಾದಲ್ಲಿ ಹಳದಿಗೆ ಬನ್ನಿ, ಕೆಂಪನ್ನು ಅಡ್ಡ ದಾಟಲು ಮಾತ್ರ ಬಳಸಿ. ರಸ್ತೆಯ ಮೇಲೆ ಬಾಣದ ಗುರುತು ಒಂದಿದ್ದರೆ ಶೇಕಡಾ 5ರಿಂದ 9, ಎರಡಿದ್ದರೆ 9ರಿಂದ 13, ಮೂರಿದ್ದರೆ ಅದಕ್ಕೂ ಕಡಿದಾದ ಏರು ಎಂದರ್ಥ.

ಇದೇ ನಕ್ಷೆಯಲ್ಲಿ ರಮಣೀಯ ರಸ್ತೆಗಳ ಪಕ್ಕದಲ್ಲಿ ಒಂದು ಹಸಿರು ಗೆರೆ ಇರುತ್ತದೆ. ಹೊಸಬರು ಆ ಹಸಿರನ್ನು ಹಿಡಿದು ಹೋಗುತ್ತಾರೆ. ಕಾರಿನಲ್ಲಿ ಬಂದವರೂ ಅದನ್ನೇ ಹಿಡಿದಿರುತ್ತಾರೆ. ದೊರ್ದೋನ್ಯ ನದಿಯ ಬಲದಂಡೆಯ ಡಿ703 ರಸ್ತೆ ಇದಕ್ಕೆ ಒಳ್ಳೆಯ ಉದಾಹರಣೆ. ನೋಟ ಅದ್ಭುತವಾದರೂ ಬೇಸಿಗೆಯ ಮಧ್ಯಾಹ್ನ ಅಲ್ಲಿ ಸೈಕಲ್ ತುಳಿಯುವುದು ಸುಖವಲ್ಲ. ಎಡದಂಡೆಯ ಕಿರುದಾರಿಯಲ್ಲಿ ಹೋದರೆ ಅದೇ ಕೋಟೆಗಳು, ಅದೇ ಬಂಡೆಗಳು ನದಿಯಾಚೆ ಎದುರಿಗೇ ಕಾಣುತ್ತವೆ.

ರಸ್ತೆಯ ಹೆಸರಿನಲ್ಲಿ ‘ಡಿ’ ಅಕ್ಷರವಿದ್ದ ಮಾತ್ರಕ್ಕೆ ಅದು ಹಳ್ಳಿಯ ರಸ್ತೆಯೆಂದು ತಿಳಿಯಬೇಡಿ. ‘ಡಿ’ ಎಂದರೆ ಜಿಲ್ಲಾಡಳಿತದ ರಸ್ತೆ ಎಂದಷ್ಟೇ ಅರ್ಥ. ಸುಯಾಕ್‌ನಿಂದ ಕಾಓರ್‌ಗೆ ಹೋಗುವ ಡಿ820 ಹಿಂದೆ ಎನ್20 ಎಂಬ ರಾಷ್ಟ್ರೀಯ ಹೆದ್ದಾರಿಯಾಗಿತ್ತು. ಹೆಸರು ಬದಲಾಗಿದೆ, ವಾಹನಗಳ ಓಟ ಬದಲಾಗಿಲ್ಲ. ಸಾರ್ಲಾದಿಂದ ಗುರ್ದೋನ್‌ಗೆ ಹೋಗುವ ಡಿ704 ಕೂಡ ಬಿಡಬೇಕಾದ ರಸ್ತೆಯೇ. ಮನೆಯಲ್ಲಿ ಕಾಗದದ ನಕ್ಷೆಯ ಮೇಲೆ ದಾರಿ ಗುರುತಿಸಿ, ಸಂದೇಹವಿರುವ ತುಂಡುಗಳನ್ನು ಐಜಿಎನ್ ಎಂಬ ಸರ್ಕಾರಿ ಸಂಸ್ಥೆಯ 1:25,000 ನಕ್ಷೆಯಲ್ಲಿ ಪರೀಕ್ಷಿಸಿ, ಆಮೇಲೆ ಅದನ್ನು ಫೋನಿಗೆ ಹಾಕಿಕೊಳ್ಳುವುದು ನನಗೆ ಸರಿಕಂಡ ಕ್ರಮ.

‘ವ್ವಾ ವೆರ್ತ್’ ಎಂದರೇನು? ಪೂರ್ತಿ ಪ್ರವಾಸ ಅದರಲ್ಲೇ ಮಾಡಬಹುದೇ?

ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ, ನಡೆಯುವವರಿಗೂ ಸೈಕಲಿಗರಿಗೂ ಮೀಸಲಾದ ದಾರಿ ಅದು. ಬಹುತೇಕ ಹಳೆಯ ರೈಲು ಹಳಿಯ ಜಾಗದಲ್ಲಿ ಇರುವುದರಿಂದ ಏರಿಳಿತ ಕಡಿಮೆ. ಸಾರ್ಲಾದಿಂದ ಸುಯಾಕ್ ದಿಕ್ಕಿಗೆ ಹೀಗೆ ಸುಮಾರು 25 ಕಿ.ಮೀ. ದಾರಿಯಿದೆ. ಮೊದಲ ದಿನ ಬಲಬದಿಯ ಸವಾರಿಯ ಅಭ್ಯಾಸಕ್ಕೂ, ಮಕ್ಕಳೊಂದಿಗೆ ಹೋಗುವುದಕ್ಕೂ ಅದು ಹೇಳಿ ಮಾಡಿಸಿದಂತಿದೆ. ಆದರೆ ರೈಲುದಾರಿ ಕಣಿವೆಯ ತಳದಲ್ಲಿ ಹೋಗುತ್ತದೆ, ಹಳ್ಳಿಗಳು ಗುಡ್ಡದ ಮೇಲಿವೆ. ಅದರಲ್ಲೇ ಉಳಿದವರಿಗೆ ಮರಗಳ ನೆರಳು ಸಿಗುತ್ತದೆ, ಊರು ಸಿಗುವುದಿಲ್ಲ.

ಬಲಗಡೆ ಓಡಿಸಿ ಅಭ್ಯಾಸವಿಲ್ಲ. ಪೊಲೀಸರು ದಂಡ ಹಾಕುವಂಥ ನಿಯಮಗಳು ಯಾವುವು?

ಬಲಬದಿ ಎರಡು ದಿನಗಳಲ್ಲಿ ರೂಢಿಯಾಗುತ್ತದೆ. ಅಪಾಯ ಇರುವುದು ಊಟ ಮುಗಿಸಿ ಖಾಲಿ ರಸ್ತೆಗೆ ಮತ್ತೆ ಇಳಿಯುವ ಕ್ಷಣದಲ್ಲಿ. ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ‘ಬಲಗಡೆಯವರಿಗೆ ಮೊದಲ ಹಕ್ಕು’ ಎಂಬ ನಿಯಮ. ಯಾವ ಫಲಕವೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ, ಅದು ಎಷ್ಟೇ ಸಣ್ಣ ಓಣಿಯಿಂದ ಬಂದರೂ, ದಾರಿ ಬಿಡಬೇಕು. ಹಳದಿ ವಜ್ರಾಕಾರದ ಫಲಕವಿದ್ದರೆ ಮೊದಲ ಹಕ್ಕು ನಿಮ್ಮ ರಸ್ತೆಯದು.

ಹೆಲ್ಮೆಟ್ 12 ವರ್ಷಕ್ಕಿಂತ ಚಿಕ್ಕವರಿಗೆ 2017ರಿಂದ ಕಡ್ಡಾಯ; ದೊಡ್ಡವರಿಗೆ ಕಾನೂನಿನ ಒತ್ತಾಯವಿಲ್ಲವಾದರೂ ತಲೆ ಒಂದೇ. ಊರ ಹೊರಗೆ ಕತ್ತಲಲ್ಲಿ ಅಥವಾ ಮಂಜಿನಲ್ಲಿ ಹೊಳೆಯುವ ಜಾಕೆಟ್ಟು ಕಡ್ಡಾಯ. ಗಂಟೆ ಇರಬೇಕು, ಕಿವಿಯಲ್ಲಿ ಇಯರ್‌ಫೋನ್ ಇರಬಾರದು. ಇಬ್ಬರು ಅಕ್ಕಪಕ್ಕ ಸಾಗಬಹುದು, ಆದರೆ ರಾತ್ರಿಯಾದರೆ ಅಥವಾ ಹಿಂದಿನ ವಾಹನ ದಾಟಲು ಬಯಸಿದರೆ ಸಾಲಾಗಬೇಕು. ಚಾಲಕರು ಊರೊಳಗೆ 1 ಮೀಟರ್, ಹೊರಗೆ 1.5 ಮೀಟರ್ ಅಂತರ ಬಿಟ್ಟು ದಾಟಬೇಕೆಂಬ ನಿಯಮವಿದೆ, ಮತ್ತು ಹಳ್ಳಿಗಾಡಿನಲ್ಲಿ ಬಹುಪಾಲು ಮಂದಿ ಅದನ್ನು ಪಾಲಿಸುತ್ತಾರೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಪಳಗಿದವರಿಗೆ ಇದು ಮೊದಮೊದಲು ನಂಬಲಾಗದು. ತುರ್ತು ಸಂಖ್ಯೆ 112.

ಸೈಕಲನ್ನು ಇಲ್ಲಿಂದ ಒಯ್ಯುವುದೋ, ಅಲ್ಲಿ ಬಾಡಿಗೆಗೆ ಪಡೆಯುವುದೋ?

ವಾರದೊಳಗಿನ ಪ್ರವಾಸಕ್ಕೆ ಬಾಡಿಗೆಯೇ ಲೇಸು. ಸ್ವಂತ ಪೆಡಲ್ ಮತ್ತು ಸೀಟು ಒಯ್ದರೆ ಅರ್ಧ ಸೈಕಲ್ ನಿಮ್ಮದೇ ಆದಂತೆ. ಫ್ರೆಂಚ್ ಸೈಕಲ್‌ಗಳಲ್ಲಿ ಎಡಗೈ ಹಿಡಿಯು ಮುಂದಿನ ಚಕ್ರದ ಬ್ರೇಕ್ ಆಗಿರುವುದರಿಂದ, ಅಂಗಡಿಯ ಮುಂದೆಯೇ ನಾಲ್ಕು ಸುತ್ತು ಹೊಡೆದು ಕೈಗೆ ಅಭ್ಯಾಸ ಮಾಡಿಕೊಳ್ಳಿ.

ಸ್ವಂತ ಸೈಕಲ್ ಒಯ್ಯುವವರಿಗೆ ಪ್ಯಾರಿಸ್‌ನ ಓಸ್ಟರ್‌ಲಿಟ್ಸ್ ನಿಲ್ದಾಣದಿಂದ ತುಲೂಸ್ ಕಡೆಗೆ ಹೋಗುವ ‘ಆಂತೆರ್‌ಸಿತೆ’ ರೈಲು ಅನುಕೂಲ. ಲಿಮೋಜ್, ಬ್ರೀವ್, ಸುಯಾಕ್, ಕಾಓರ್ ಎಲ್ಲವೂ ಅದೇ ಹಳಿಯ ಮೇಲಿವೆ. ಸುಯಾಕ್‌ಗೆ ಸುಮಾರು ಐದು ಗಂಟೆಗಳ ಪ್ರಯಾಣ. ಈ ರೈಲುಗಳಲ್ಲಿ ಸೈಕಲ್‌ಗೆ ಪ್ರತ್ಯೇಕ ಟಿಕೆಟ್ಟು ಕಾದಿರಿಸಬೇಕು. ‘ಟಿಇಆರ್’ ಎಂಬ ಪ್ರಾದೇಶಿಕ ರೈಲುಗಳಲ್ಲಿ ಜಾಗವಿದ್ದರೆ ಸಾಮಾನ್ಯವಾಗಿ ಉಚಿತ. ಬಿಚ್ಚಿ ಚೀಲದಲ್ಲಿ ಕಟ್ಟಿದ ಸೈಕಲ್ ಮಾಮೂಲಿ ಸಾಮಾನಿನ ಲೆಕ್ಕಕ್ಕೆ ಬರುತ್ತದೆ.

## ದಾರಿ ಮತ್ತು ಊರುಗಳು

ಸುತ್ತಿಬಳಸಿ ಹೇಳಬೇಡಿ, ಒಂದು ವಾರದ ಪೂರ್ತಿ ದಾರಿ ಕೊಡಿ.

ಸುಯಾಕ್‌ನಲ್ಲಿ ರೈಲಿಳಿದು ಕಾಓರ್‌ನಲ್ಲಿ ರೈಲು ಹತ್ತುವ, ಅಡ್ಡದಾರಿಗಳೂ ಸೇರಿ ಸುಮಾರು 300 ಕಿ.ಮೀ. ಬರುವ ದಾರಿ ನನ್ನ ಮೊದಲ ಶಿಫಾರಸು. ಮೊದಲ ದಿನ ವ್ವಾ ವೆರ್ತ್ ಹಿಡಿದು ಸಾರ್ಲಾಗೆ. ಎರಡನೆಯ ದಿನ ಸಾಮಾನನ್ನು ಸಾರ್ಲಾದಲ್ಲೇ ಬಿಟ್ಟು ಬೆನಾಕ್, ಕಾಸ್ಟೆಲ್‌ನೋ, ದೋಮ್, ಲಾ ರೋಕ್ ಗಜಾಕ್‌ಗಳ ಸುತ್ತು. ಬೆನಾಕ್ ಮತ್ತು ಕಾಸ್ಟೆಲ್‌ನೋ ಕೋಟೆಗಳು ನದಿಯ ಎರಡು ಬದಿಗೆ ಮುಖಾಮುಖಿ ನಿಂತಿವೆ. ನೂರು ವರ್ಷಗಳ ಯುದ್ಧದ ಬಹುಕಾಲ ಒಂದು ಫ್ರೆಂಚರ ಪಕ್ಷದಲ್ಲಿ, ಇನ್ನೊಂದು ಇಂಗ್ಲಿಷರ ಪಕ್ಷದಲ್ಲಿ ಇತ್ತು. ಕಾಸ್ಟೆಲ್‌ನೋದಿಂದ ಸ್ವಲ್ಪ ಮುಂದೆ ಗಾಯಕಿ ಜೋಸೆಫಿನ್ ಬೇಕರ್ ವಾಸಿಸಿದ್ದ ಮಿಲಾಂದ್ ಅರಮನೆಯಿದೆ.

ಮೂರನೆಯ ದಿನ ಗುರ್ದೋನ್ ಮೂಲಕ ರೊಕಮದೂರ್. ಆಲ್ಜು ಕಣಿವೆಯ ಬಂಡೆಗೆ ಅಂಟಿಕೊಂಡ ಈ ಯಾತ್ರಾಸ್ಥಳವನ್ನು ಮೊದಲು ಎದುರು ದಿಣ್ಣೆಯ ಮೇಲಿರುವ ಲೋಸ್ಪಿಟಲೆಯಿಂದ ನೋಡಿ, ಆಮೇಲೆ ಇಳಿಯಿರಿ. ಕಪ್ಪು ಮೇರಿ ಮಾತೆಯ ವಿಗ್ರಹವಿರುವ ಗುಡಿಗೆ 216 ಮೆಟ್ಟಿಲುಗಳು. ಪೆಡಲಿಗೆ ಸಿಕ್ಕಿಕೊಳ್ಳುವ ಕ್ಲೀಟ್ ಬೂಟು ಹಾಕಿ ಹತ್ತುವವರ ಅವಸ್ಥೆ ಹೇಳತೀರದು. ನಾಲ್ಕನೆಯ ದಿನ ಗ್ರಾಮಾ ಊರಿನ ಸುತ್ತಲಿನ ‘ಕೋಸ್’ ಎಂಬ ಸುಣ್ಣಕಲ್ಲಿನ ಒಣ ಪ್ರಸ್ಥಭೂಮಿಯನ್ನು ದಾಟಿ ಫಿಜಾಕ್. ಈಜಿಪ್ಟಿನ ಚಿತ್ರಲಿಪಿಯನ್ನು ಓದಿದ ಶಾಂಪೋಲಿಯೋ 1790ರಲ್ಲಿ ಹುಟ್ಟಿದ್ದು ಇಲ್ಲಿ. ಆ ಓದಿಗೆ ಕೀಲಿಯಾದ ರೋಸೆಟ್ಟಾ ಶಿಲೆಯ ಬೃಹತ್ ಪ್ರತಿಯೊಂದನ್ನು ಊರ ಚೌಕದ ನೆಲಕ್ಕೇ ಹಾಸಿದ್ದಾರೆ.

ಐದನೆಯ ದಿನಕ್ಕಾಗಿಯೇ ಈ ಇಡೀ ದಾರಿ ಇದೆ ಎಂದರೂ ತಪ್ಪಲ್ಲ. ಫಿಜಾಕ್‌ನಿಂದ ಕಾಬ್ರೆರೆವರೆಗೆ ಸೆಲೆ ನದಿಯ ಪಕ್ಕದಲ್ಲಿ ಡಿ41 ರಸ್ತೆ ಇಳಿಮುಖವಾಗಿ ಹೋಗುತ್ತದೆ. ಕಣಿವೆ ಕಿರಿದಾದ ಕಡೆಗಳಲ್ಲಿ ಸುಣ್ಣಕಲ್ಲಿನ ಬಂಡೆ ರಸ್ತೆಯ ಮೇಲೆ ಚಾಚಿಕೊಂಡಿರುತ್ತದೆ. ಬಂಡೆಯನ್ನೇ ಹಿಂಗೋಡೆ ಮಾಡಿಕೊಂಡ ಮನೆಗಳಿಗೆ ಮುಂದಿನ ಮೂರು ಗೋಡೆಗಳಷ್ಟೇ ಕಟ್ಟಿದವು. ಎಸ್ಪಾನ್ಯಾಕ್ ಸೇಂತ್ ಯುಲಾಲಿಯಲ್ಲಿ ಕಲ್ಲಿನ ಗುಡಿಯ ಮೇಲೆ ಮರದ ಚೌಕಟ್ಟಿಗೆ ಇಟ್ಟಿಗೆ ತುಂಬಿದ ಗಂಟೆಗೋಪುರವಿದೆ, ಅದನ್ನು ನೋಡಲು ಸೇತುವೆ ದಾಟಿ ಹೋಗಬೇಕು. ಮಾರ್ಸಿಯಾಕ್‌ನಲ್ಲಿ ಪಾಳುಬಿದ್ದ ಮಠವಿದೆ. ಆರನೆಯ ದಿನ ಲೋತ್ ನದಿ ಸೇರಿ ಸೇಂ ಸಿರ್ ಲಾಪೊಪಿ ಹತ್ತಿ ಇಳಿದು ಕಾಓರ್ ತಲುಪಬಹುದು. 1308ರಲ್ಲಿ ಆರಂಭಿಸಿ 1378ರಲ್ಲಿ ಮುಗಿಸಿದ, ಮೂರು ಗೋಪುರಗಳ ವಾಲಾಂತ್ರೆ ಸೇತುವೆಯನ್ನು ಏಳನೆಯ ದಿನ ನಿಧಾನವಾಗಿ ನೋಡಿ ರೈಲು ಹಿಡಿಯಿರಿ.

ಪ್ರಸಿದ್ಧ ಹಳ್ಳಿಗಳಲ್ಲಿ ಬಸ್ಸುಗಟ್ಟಲೆ ಜನ ಎಂದು ಕೇಳಿದ್ದೇನೆ. ನಿಶ್ಶಬ್ದ ಎಲ್ಲಿ?

ಜನ ಬರುವುದು ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಆರರ ನಡುವೆ. ಹಳ್ಳಿಯನ್ನು ಎಂಟು ಗಂಟೆಗೆ ಅಥವಾ ಸಂಜೆ ಏಳರ ನಂತರ ನೋಡಿ, ನಡುವಿನ ಹೊತ್ತನ್ನು ಬಿಳಿ ರಸ್ತೆಗಳಿಗೆ ಕೊಟ್ಟರೆ ಈ ದೂರು ಬಹುಪಾಲು ಇಲ್ಲವಾಗುತ್ತದೆ. ಫ್ರೆಂಚರ ಊಟದ ಸಮಯ, ಅಂದರೆ ಹನ್ನೆರಡೂವರೆಯಿಂದ ಎರಡು ಗಂಟೆ, ದೊಡ್ಡ ರಸ್ತೆಯೂ ಖಾಲಿಯಾಗುವ ಹೊತ್ತು. ಡಿ703ರಂಥ ತುಂಡು ಅನಿವಾರ್ಯವಾದರೆ ಅದನ್ನು ಆಗಲೇ ಮುಗಿಸಿ.

ದೋಮ್ ಊರನ್ನು ಹೀಗೆ ಬೆಳಿಗ್ಗೆ ನೋಡಬೇಕು. 1281ರಲ್ಲಿ ಫ್ರಾನ್ಸಿನ ದೊರೆ ಮೂರನೆಯ ಫಿಲಿಪ್ ಕಟ್ಟಿಸಿದ ‘ಬಾಸ್ತೀದ್’ ಇದು, ಎಂದರೆ ಯೋಜನೆ ಹಾಕಿ ನೇರ ಬೀದಿಗಳಲ್ಲಿ ಕಟ್ಟಿದ ಕೋಟೆಯೂರು. ನದಿಯಿಂದ ಸುಮಾರು 150 ಮೀಟರ್ ಎತ್ತರದ ಬಂಡೆಯ ಮೇಲಿದೆ. ಊರಬಾಗಿಲಿನ ಗೋಪುರಗಳಲ್ಲಿ 1307ರಿಂದ ಟೆಂಪ್ಲರ್ ಎಂಬ ಕ್ರೈಸ್ತ ಧರ್ಮಯೋಧರ ಪಂಥದವರನ್ನು ಸೆರೆಯಿಟ್ಟಿದ್ದರು. ಒಳಗೋಡೆಗಳ ಮೇಲೆ ಶಿಲುಬೆ ಮತ್ತು ಶಿಲುಬೆಗೇರಿದ ಕ್ರಿಸ್ತನ ಗೀಚುಚಿತ್ರಗಳು ಉಳಿದಿವೆ. ದೋಮ್ ಕಟ್ಟಿದ ಮೂರೇ ವರ್ಷಕ್ಕೆ, 1284ರಲ್ಲಿ, ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ಪಶ್ಚಿಮಕ್ಕೆ ಮೊಂಪಾಜಿಯೆ ಎಂಬ ಬಾಸ್ತೀದ್ ಕಟ್ಟಿಸಿದ. ಒಂದು ದಿನ ಹೆಚ್ಚು ಇದ್ದರೆ ಅಲ್ಲಿಗೂ ಹೋಗಿ. ಕಮಾನು ಮೊಗಸಾಲೆಗಳ ನಡುವಿನ ಅದರ ಚೌಕ ದೋಮ್‌ಗಿಂತ ಚೆನ್ನಾಗಿ ಉಳಿದಿದೆ ಮತ್ತು ಜನವೂ ಕಡಿಮೆ.

ಸಾರ್ಲಾದಲ್ಲಿ ಮಾತ್ರ ಜನರ ನಡುವೆಯೇ ಇರಬೇಕು. ಬುಧವಾರ ಮತ್ತು ಶನಿವಾರದ ಸಂತೆಯಿಲ್ಲದೆ ಆ ಊರು ರಂಗಸಜ್ಜಿಕೆಯಂತೆ ಕಾಣುತ್ತದೆ.

ಆದಿಮಾನವರ ಗುಹೆಯ ಚಿತ್ರಗಳಿಗಾಗಿ ಲಾಸ್ಕೋಗೆ ಹೋಗಲೇಬೇಕೇ?

ಈ ದಾರಿಯಲ್ಲಿ ಸಮಯ ಕಡಿಮೆಯಿದ್ದರೆ ಬೇಡ ಎನ್ನುತ್ತೇನೆ. 1940ರಲ್ಲಿ ಪತ್ತೆಯಾದ ಲಾಸ್ಕೋ ಮೂಲ ಗುಹೆ 1963ರಿಂದ ಸಾರ್ವಜನಿಕರಿಗೆ ಮುಚ್ಚಿದೆ. ನೋಡುಗರ ಉಸಿರು, ಬೆಳಕು ಚಿತ್ರಗಳನ್ನು ಹಾಳುಮಾಡುತ್ತಿದ್ದವು. ಈಗ ತೋರಿಸುವುದು 2016ರಲ್ಲಿ ತೆರೆದ ಪೂರ್ಣ ಪ್ರತಿಕೃತಿಯನ್ನು. ಅದು ಉತ್ತಮವಾಗಿದೆ, ನಿಜ. ಆದರೆ ಕಾಬ್ರೆರೆಯ ಪೆಶ್ ಮೆರ್ಲ್‌ನಲ್ಲಿ ಚುಕ್ಕಿ ಕುದುರೆಗಳ ಮೂಲ ಚಿತ್ರವನ್ನೇ ಕಣ್ಣಾರೆ ನೋಡಬಹುದು. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇರುವುದರಿಂದ ಮುಂಚಿತವಾಗಿ ಟಿಕೆಟ್ಟು ಪಡೆಯಿರಿ. ಬೆವರಿದ ಬಟ್ಟೆಯಲ್ಲಿ ಒಳಗೆ ಹೋದರೆ ನಡುಕ ಖಂಡಿತ. ತೆಳು ಜಾಕೆಟ್ಟು ಜೊತೆಗಿರಲಿ.

## ಊಟ, ನೀರು, ವಸತಿ

ನಾವು ಶುದ್ಧ ಸಸ್ಯಾಹಾರಿಗಳು. ಬಾತುಕೋಳಿಯ ನಾಡಿನಲ್ಲಿ ಏನು ತಿನ್ನುವುದು?

ಕಷ್ಟವಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಪೆರಿಗೋರ್‌ನ ಸಲಾಡಿನಲ್ಲಿಯೂ ಬಾತುಕೋಳಿಯ ಜಠರದ ತುಂಡುಗಳಿರುತ್ತವೆ. ಆಲೂಗೆಡ್ಡೆಯಾದರೂ ನಿರಪಾಯವೆಂದುಕೊಂಡು ‘ಪೋಮ್ ಸಾರ್ಲಾದೇಜ್’ ತರಿಸಿದರೆ, ಅದನ್ನು ಹುರಿಯುವುದೇ ಬಾತುಕೋಳಿಯ ಕೊಬ್ಬಿನಲ್ಲಿ. ‘ಸಾಂ ವಿಯಾಂದ್, ಸಾಂ ಪ್ವಾಸೋ, ಸಾಂ ಗ್ರೇಸ್ ದ ಕನಾರ್’, ಅಂದರೆ ಮಾಂಸ ಬೇಡ, ಮೀನು ಬೇಡ, ಬಾತುಕೋಳಿ ಕೊಬ್ಬು ಬೇಡ ಎಂದು ಬರೆದ ಚೀಟಿ ತೋರಿಸುವುದು ಮಾತಿಗಿಂತ ಫಲಕಾರಿ. ಬಿಸಿ ಮಾಡಿದ ಆಡಿನ ಗಿಣ್ಣಿನ, ಅಂದರೆ ಚೀಸಿನ, ಸಲಾಡು ಎಲ್ಲ ಕಡೆ ಸಿಗುತ್ತದೆ. ಆದರೆ ರೊಕಮದೂರ್ ಹೆಸರಿನ ಗಿಣ್ಣಿಗೂ ಪ್ರಾಣಿಯ ಜಠರದಿಂದ ತೆಗೆದ ಹೆಪ್ಪನ್ನು ಬಳಸುವುದರಿಂದ ಕಟ್ಟುನಿಟ್ಟಿನವರು ಅದನ್ನೂ ಬಿಡಬೇಕಾಗುತ್ತದೆ. ಆಕ್ರೋಟಿನ ಕೇಕು, ಸ್ಟ್ರಾಬೆರಿ, ಬ್ರೆಡ್ಡು, ಟೊಮೇಟೊ, ಸಂತೆಯ ಹಣ್ಣುಗಳಿಗೆ ಕೊರತೆಯಿಲ್ಲ.

ಎರಡು ರಾತ್ರಿಗೊಮ್ಮೆಯಾದರೂ ಅಡುಗೆಮನೆಯಿರುವ ‘ಜೀತ್’ ಎಂಬ ಬಾಡಿಗೆ ವಸತಿಯಲ್ಲಿ ತಂಗಿದರೆ ಅನ್ನ ಸಾರು ಮಾಡಿಕೊಳ್ಳಬಹುದು. ಅವಲಕ್ಕಿ, ಚಟ್ನಿಪುಡಿ ಒಯ್ಯಲು ಅಡ್ಡಿಯಿಲ್ಲ. ಹೊರದೇಶದಿಂದ ಹಾಲಿನ ಪದಾರ್ಥ ತರುವುದು ಐರೋಪ್ಯ ಒಕ್ಕೂಟದಲ್ಲಿ ನಿಷಿದ್ಧವಾದ್ದರಿಂದ ತುಪ್ಪವನ್ನೂ ಪೇಡೆಯನ್ನೂ ಮನೆಯಲ್ಲೇ ಬಿಡಿ.

ಕೋಸ್ ಮೇಲೆ ನೀರು, ಅಂಗಡಿ ಸಿಗುತ್ತದೆಯೇ?

ಸುಣ್ಣಕಲ್ಲಿನ ನೆಲ ಮಳೆನೀರನ್ನು ಒಳಗೆ ಇಳಿಸಿಕೊಂಡುಬಿಡುತ್ತದೆ. ಮೇಲೆ ಹಳ್ಳ ತೊರೆಗಳಿಲ್ಲ, ಊರುಗಳೂ ವಿರಳ. ಎರಡು ಬಾಟಲಿ ತುಂಬಿಕೊಂಡೇ ಹತ್ತಿ. ಖಾಲಿಯಾದರೆ ಹಳ್ಳಿಯ ಸ್ಮಶಾನ ಹುಡುಕಿ. ಸಮಾಧಿಯ ಹೂಗಿಡಗಳಿಗೆಂದು ಗೇಟಿನ ಒಳಗೆ ಒಂದು ನಲ್ಲಿ ಇರುತ್ತದೆ, ಪಕ್ಕದಲ್ಲಿ ಹಸಿರು ಪ್ಲಾಸ್ಟಿಕ್ ನೀರುಡಬ್ಬಿಗಳು ತೂಗುತ್ತಿರುತ್ತವೆ. ನಮ್ಮವರಿಗೆ ಮೊದಲು ಇರಿಸುಮುರಿಸಾದರೂ ಫ್ರೆಂಚ್ ಸೈಕಲಿಗರು ಹಿಂದಿನಿಂದ ಮಾಡುತ್ತ ಬಂದದ್ದು ಇದನ್ನೇ. ‘ಓ ನೋಂ ಪೊತಾಬ್ಲ್’ ಎಂದು ಬರೆದಿದ್ದರೆ ಮಾತ್ರ ಕುಡಿಯಬಾರದು.

ಅಂಗಡಿಗಳು ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ಮುಚ್ಚಿ ಮೂರು, ಮೂರೂವರೆಗೆ ತೆರೆಯುತ್ತವೆ. ಭಾನುವಾರ ಮಧ್ಯಾಹ್ನ ಮತ್ತು ಸೋಮವಾರ ಹಳ್ಳಿಯಲ್ಲಿ ಏನೂ ಸಿಗದಿರಬಹುದು. ಎಲ್ಲಿ ಕಾಲಿಟ್ಟರೂ ಬೇರೆ ಮಾತಿಗೆ ಮೊದಲು ‘ಬೋಂಜೂರ್’ ಎನ್ನಬೇಕು. ಅದನ್ನು ಬಿಟ್ಟು ನೇರ ಬೇಕಾದದ್ದನ್ನು ಕೇಳಿದವರಿಗೆ ಸಿಗುವ ಮುಖವೇ ಬೇರೆ.

ರಾತ್ರಿ ಸೈಕಲ್ ಎಲ್ಲಿಡುವುದು?

‘ಆಕ್ಯೋಯ್ ವೆಲೊ’ ಎಂಬ ಗುರುತಿರುವ ವಸತಿಗಳನ್ನು ಆರಿಸಿ. ಗುರುತಿಸಿದ ಸೈಕಲ್ ಮಾರ್ಗದಿಂದ 5 ಕಿ.ಮೀ. ಒಳಗಿರುವ, ಬೀಗ ಹಾಕಬಹುದಾದ ಜಾಗ ಮತ್ತು ರಿಪೇರಿ ಸಾಮಾನು ಇಟ್ಟಿರುವ ಮನೆಗಳಿಗೆ ಅದನ್ನು ಕೊಡುತ್ತಾರೆ. ಹಳ್ಳಿಯ ‘ಶಾಂಬ್ರ್ ದೋತ್’ಗಳಲ್ಲಿ, ಅಂದರೆ ತಿಂಡಿಸಹಿತ ಮನೆವಸತಿಗಳಲ್ಲಿ, ಸಾಮಾನ್ಯವಾಗಿ ಕೊಟ್ಟಿಗೆಯಲ್ಲೋ ಕಾರಿನ ಶೆಡ್ಡಿನಲ್ಲೋ ಜಾಗ ಮಾಡಿಕೊಡುತ್ತಾರೆ.

## ಅನುಭವಿ ಸವಾರರಿಗೆ

ಯಾವ ಗೇರು, ಯಾವ ಟಯರು?

ಮುಂದೆ 50/34, ಹಿಂದೆ 32 ಅಥವಾ 34 ಹಲ್ಲಿನವರೆಗೆ ಇರಲಿ. ಟಯರು 28ರಿಂದ 32 ಮಿ.ಮೀ. ಜಿಲ್ಲಾಡಳಿತಗಳು ಸಣ್ಣ ರಸ್ತೆಗಳ ಮೇಲೆ ಟಾರು ಚಿಮುಕಿಸಿ ಜಲ್ಲಿ ಹರಡಿಬಿಡುತ್ತವೆ. ಅದನ್ನು ಅದುಮುವ ಕೆಲಸವನ್ನು ಕಾರುಗಳಿಗೇ ಬಿಡುವುದು ಅಲ್ಲಿನ ರೂಢಿ. ‘ಗ್ರಾವಿಯೋಂ’ ಎಂಬ ಫಲಕ ಕಂಡರೆ ಮುಂದಿನ ತಿರುವಿನಲ್ಲಿ ಸಡಿಲ ಜಲ್ಲಿ ಇದೆಯೆಂದೇ ತಿಳಿದು, ತಿರುವಿಗೆ ಮೊದಲೇ ಬ್ರೇಕ್ ಹಿಡಿಯಿರಿ. ‘ರೂತ್ ಬಾರೆ’, ಅಂದರೆ ರಸ್ತೆ ಮುಚ್ಚಿದೆ ಎಂಬ ಫಲಕ ಕಂಡಲ್ಲಿ ಸೈಕಲ್ ಮಟ್ಟಿಗೆ ದಾರಿ ಇದ್ದರೂ ಇರುತ್ತದೆ, ಸೇತುವೆಯನ್ನೇ ಕಿತ್ತಿದ್ದರೆ ಇಲ್ಲ. ಎದುರಿನಿಂದ ಬರುವವರನ್ನು ಕೇಳುವುದೊಂದೇ ಉಪಾಯ.

ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ಗೆ ಹೋಗುವ ಮೊದಲು ಇಲ್ಲಿ ಅಭ್ಯಾಸ ಮಾಡಬಹುದೇ?

ಅದು ಬೇರೆಯೇ ಆಟ. 1891ರಲ್ಲಿ ಮೊದಲ ಬಾರಿ ನಡೆದ, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಆ 1,200 ಕಿ.ಮೀ. ಸವಾರಿಗೆ ಹೆಚ್ಚೆಂದರೆ 90 ಗಂಟೆಗಳ ಅವಧಿ. 200, 300, 400, 600 ಕಿ.ಮೀ.ಗಳ ಬ್ರೆವೆಗಳನ್ನು, ಅಂದರೆ ಕಾಲಮಿತಿಯ ಅರ್ಹತಾ ಸವಾರಿಗಳನ್ನು, ಮುಗಿಸಿದ ಕರ್ನಾಟಕದ ಸವಾರರೂ ಅದರಲ್ಲಿ ಭಾಗವಹಿಸುತ್ತ ಬಂದಿದ್ದಾರೆ. ಆ ಸವಾರಿ ಹಾಯುವ ವಾಯವ್ಯ ಫ್ರಾನ್ಸಿನ ಬ್ರಿಟನಿ ಸೀಮೆಯ ಅಲೆಅಲೆಯಾದ ನೆಲಕ್ಕೂ ಇಲ್ಲಿನ ಚಿಕ್ಕ ಏರುಗಳಿಗೂ ಸಾಮ್ಯವಿರುವುದು ನಿಜ. ಆದರೆ ಸವಾರಿಗೆ ಮೊದಲು ಇಲ್ಲಿ ಕಾಲು ಸವೆಸುವುದಕ್ಕಿಂತ, ಮುಗಿದ ಮೇಲೆ ವಿಶ್ರಾಂತಿಯ ವಾರವಾಗಿ ಬರುವುದು ಜಾಣತನ. ಆ ಸವಾರಿ ಆಗಸ್ಟ್ ಕೊನೆಗೆ ಮುಗಿಯುತ್ತದೆ, ಸೆಪ್ಟೆಂಬರ್ ಮೊದಲ ವಾರಕ್ಕೆ ಇಲ್ಲಿನ ರಸ್ತೆಗಳು ಖಾಲಿಯಾಗಿರುತ್ತವೆ.

ಇದನ್ನೇ ಇನ್ನೂ ಕಠಿಣವಾಗಿ, ಇನ್ನೂ ನಿರ್ಜನವಾಗಿ ಬೇಕಿದ್ದರೆ?

ಫಿಜಾಕ್‌ನಿಂದ ಸೆಲೆ ಕಣಿವೆಗೆ ತಿರುಗುವ ಬದಲು ಪೂರ್ವಕ್ಕೆ ಕೋಂಕ್ ಕಡೆ ಹೋಗಿ. ಸುಮಾರು 50 ಕಿ.ಮೀ. ದಾರಿ; ಅಷ್ಟರಲ್ಲಿ ಸುಣ್ಣಕಲ್ಲಿನ ನಾಡು ಹಿಂದೆ ಉಳಿದು, ಮನೆಗಳ ಮಾಡಿಗೆ ಹೆಂಚಿನ ಬದಲು ಕಲ್ಲಿನ ಹಲಗೆಗಳು ಬರುತ್ತವೆ, ಏರುಗಳು ಉದ್ದವಾಗುತ್ತವೆ. ಕೋಂಕ್‌ನ ಸೇಂತ್ ಫುವಾ ಗುಡಿಯ ಪಶ್ಚಿಮ ದ್ವಾರದ ಮೇಲೆ ಅಂತಿಮ ತೀರ್ಪಿನ ಕೆತ್ತನೆಯಿದೆ, ಒಳಗೆ ಚಿತ್ರಕಾರ ಪಿಯೆರ್ ಸುಲಾಜ್ ರೂಪಿಸಿದ, 1994ರಲ್ಲಿ ಕೂಡಿಸಿದ ಬಣ್ಣರಹಿತ ಗಾಜಿನ ಕಿಟಕಿಗಳಿವೆ. ಅಲ್ಲಿಂದ ಹಿಂದಿರುಗುವಾಗ ಕಣಿವೆ ಬಿಟ್ಟು ಮೇಲಿನ ದಿಣ್ಣೆಗಳ ದಾರಿ ಹಿಡಿದರೆ ನಕ್ಷೆಯಲ್ಲಿ ಎರಡು ಬಾಣಗಳ ಗುರುತು ಹಲವು ಕಡೆ ಸಿಗುತ್ತದೆ. ಕಾಲು ಸೋತವರು ರೊದೇಜ್‌ಗೆ ಹೋಗಿ ರೈಲಿನಲ್ಲಿ ಫಿಜಾಕ್‌ಗೆ ಮರಳಬಹುದು. ರೈಲುಗಳು ದಿನಕ್ಕೆ ಕೆಲವೇ ಇರುವುದರಿಂದ ವೇಳಾಪಟ್ಟಿಯನ್ನು ಹಿಂದಿನ ರಾತ್ರಿಯೇ ನೋಡಿಟ್ಟುಕೊಳ್ಳಿ.